ರಸ್ತೆ ಇಲ್ಲ, ಕರೆಂಟಿಲ್ಲ: ಮಲೆನಾಡಿನ ಮಳೆಗೆ ನಮ್ಮ ಮನೆಯ ತಯಾರಿ

ಯಲ್ಲಾಪುರದ ಕಡೆ ಘಟ್ಟದ ಅಂಚಿನಲ್ಲಿ ನಮ್ಮದು ಅಡಿಕೆ ತೋಟದ ಮನೆ. ನಾಲ್ಕು ದನ, ಒಂದು ಬಾವಿ, ಹಿಂದೆ ಬೆಟ್ಟ, ಮುಂದೆ ಹಳ್ಳ. ಜೂನ್ ಕೊನೆಗೆ ಮಳೆ ಹಿಡಿದರೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಮರ ಬಿದ್ದು ಕಂಬ ಮುರಿದರೆ ವಾರ ಆದರೂ ಬರುವುದಿಲ್ಲ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಫೋನೂ ಇಲ್ಲ. ರಸ್ತೆಯ ಮೇಲೆ ಧರೆ (ಗುಡ್ಡದ ಕಡಿದಾದ ಅಂಚು) ಜರಿದರೆ ಪೇಟೆಯೂ ಇಲ್ಲ.

ಇದೆಲ್ಲ ಮೊದಲೂ ಇತ್ತು, ನಿಜ. ಆದರೆ 2021ರ ಜುಲೈ ಬೇರೆಯೇ. ನಮ್ಮ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಅದೇ ಮಳೆಗೆ ಗುಳ್ಳಾಪುರದಲ್ಲಿ ಗಂಗಾವಳಿಯ ಸೇತುವೆ ಕೊಚ್ಚಿಹೋಯಿತು. ಆಮೇಲೆ 2023ರಲ್ಲಿ ಮಳೆಯೇ ಸರಿಯಾಗಿ ಬರಲಿಲ್ಲ, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ ಬರ ಘೋಷಣೆಯಾಯಿತು. ಮರುವರ್ಷ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂತು. ಹಾಗಾಗಿ ನಮ್ಮ ತಯಾರಿ ಈಗ ಎರಡಕ್ಕೂ: ನೀರು ಅತಿಯಾದರೆ ಏನು, ಇಲ್ಲದೇ ಹೋದರೆ ಏನು.

ಇಷ್ಟು ವರ್ಷದಲ್ಲಿ ನಾನು ನಂಬಿಕೊಂಡು ಬಂದಿದ್ದು ಒಂದೇ ಮಾತು. ದಿನಾ ಬಳಸದ ವಸ್ತು ಆಪತ್ತಿನ ದಿನ ಕೈಕೊಡುತ್ತದೆ. 'ತುರ್ತಿಗೆ ಇರಲಿ' ಅಂತ ಮೂಲೆಯಲ್ಲಿಟ್ಟ ಜನರೇಟರ್ ಬೇಕಾದ ದಿನ ಚಾಲೂ ಆಗಿದ್ದನ್ನು ನಾನಂತೂ ನಮ್ಮೂರಲ್ಲಿ ನೋಡಿಲ್ಲ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲು ಗೋಂದಾಗಿರುತ್ತದೆ, ಇಲ್ಲವೇ ಇಲಿ ವಯರ್ ಕಡಿದಿರುತ್ತದೆ. ಅದಕ್ಕೇ ನಮ್ಮಲ್ಲಿ 'ತುರ್ತು ವ್ಯವಸ್ಥೆ' ಅಂತ ಬೇರೆ ಏನೂ ಇಲ್ಲ. ಬಿಸಿಲುಗಾಲದಲ್ಲೂ ಅದೇ ಒಲೆ, ಅದೇ ನೀರು, ಅದೇ ಊಟ.

ಬಾವಿಯ ಉದಾಹರಣೆ ನೋಡಿ. ಪಂಪ್ ಕೂರಿಸಿದ ಮೇಲೆ ರಾಟೆ ಕಿತ್ತು ಅಟ್ಟಕ್ಕೆ ಹಾಕಿದವರೇ ಜಾಸ್ತಿ. ಕರೆಂಟು ಹೋದ ಮೂರನೇ ದಿನ, ಬಾವಿ ತುಂಬಾ ನೀರಿದ್ದರೂ ಮನೆಯಲ್ಲಿ ಕುಡಿಯಲು ನೀರಿಲ್ಲ! ನಮ್ಮಲ್ಲಿ ಪಂಪೂ ಇದೆ, ರಾಟೆಯೂ ಇದೆ. ದೇವರ ಪೂಜೆಗೆ, ಕುಡಿಯುವುದಕ್ಕೆ ಬೆಳಿಗ್ಗೆ ಹಗ್ಗದಲ್ಲೇ ಸೇದುತ್ತೇವೆ. ಹಾಗಾಗಿ ಹಗ್ಗ ಸವೆದಿದ್ದು ಕಣ್ಣಿಗೆ ಬೀಳುತ್ತದೆ, ರಾಟೆಗೆ ಎಣ್ಣೆ ಬೀಳುತ್ತದೆ, ಮಕ್ಕಳ ಕೈಗೂ ಸೇದುವ ಅಭ್ಯಾಸ ಇದೆ.

ತೋಟಕ್ಕೆ, ಬಚ್ಚಲಿಗೆ, ಕೊಟ್ಟಿಗೆಗೆ ಅಬ್ಬಿ ನೀರು. ಬೆಟ್ಟದ ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗೇ ಇಳಿದು ಬರುತ್ತದೆ, ಮೋಟರ್ ಬೇಡ. ಅಪ್ಪಯ್ಯನ ಕಾಲದಲ್ಲಿ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿತ್ತು, ಈಗ ಕಪ್ಪು ಪೈಪು. ಇದರ ತಾಪತ್ರಯ ಎಂದರೆ ಜೋರು ಮಳೆಗೆ ಪೈಪಿನ ಬಾಯಿಗೆ ದರಕು (ತರಗೆಲೆ) ಕಟ್ಟುವುದು. ಬಾಯಿಗೆ ಜಾಳಿಗೆ ಕಟ್ಟಿ, ಅದರ ಮುಂದೆ ಕಲ್ಲಿನ ಸಣ್ಣ ಗುಂಡಿ ಮಾಡಿದ್ದೇನೆ. ಮಣ್ಣು ಅಲ್ಲೇ ತಳಕ್ಕೆ ಕೂರುತ್ತದೆ. ಒಂದು ಸುರುಳಿ ಪೈಪು, ನಾಲ್ಕಾರು ಜಾಯಿಂಟು ಮನೆಯಲ್ಲಿ ಇದ್ದೇ ಇರುತ್ತವೆ. ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿಸಿಯೇ ಕುಡಿಯುವುದು. ಬಾವಿಗೆ ಹೊಸ ನೀರು ಬಂದಾಗ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ, 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಲೆಕ್ಕ. ಬಕೆಟ್‌ನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಬೇಕು. ಒಂದು ತಾಸು ಬಿಟ್ಟು ಬಳಸಬಹುದು.

ಇಷ್ಟು ಮಳೆ ಬೀಳುವ ಊರಲ್ಲಿ ಚಾವಣಿ ನೀರು ಯಾಕೆ ಹಿಡಿಯಬೇಕು ಅಂತ ನಗುವವರಿದ್ದರು. 2024ರ ಏಪ್ರಿಲ್‌ನಲ್ಲಿ ಅಬ್ಬಿಯ ಧಾರೆ ಕಿರುಬೆರಳಿನಷ್ಟಕ್ಕೆ ಇಳಿದ ಮೇಲೆ ಯಾರೂ ನಗಲಿಲ್ಲ. ಲೆಕ್ಕ ಸುಲಭ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಹಂಚಿನ ಮೇಲೆ 100 ಮಿ.ಮೀ. ಬಿದ್ದ ದಿನ 10,000 ಲೀಟರ್. ನಮ್ಮ ಟ್ಯಾಂಕು 20,000 ಲೀಟರಿನದ್ದು, ಅಂದರೆ ಎರಡು ಜೋರು ಮಳೆಗೆ ತುಂಬಿತು. ನಾವು ತುಂಬಿಸುವುದು ಮಾತ್ರ ಮಳೆಗಾಲದ ಕೊನೆಯಲ್ಲಿ, ಹಂಚು ಚೆನ್ನಾಗಿ ತೊಳೆದುಹೋದ ಮೇಲೆ. ಬಾಯಿಗೆ ಬಟ್ಟೆ ಕಟ್ಟಿ, ಬೆಳಕು ಬೀಳದಂತೆ ಮುಚ್ಚುತ್ತೇವೆ. ದಿನಕ್ಕೆ 200 ಲೀಟರ್ ತೆಗೆದರೂ ನೂರು ದಿನಕ್ಕೆ ಬರುತ್ತದೆ. ಫೆಬ್ರವರಿಯ ತನಕ ಅದನ್ನು ಮುಟ್ಟುವುದಿಲ್ಲ.

ಅಡುಗೆಗೆ ಬರೋಣ. ಗ್ಯಾಸ್ ಸಿಲಿಂಡರ್ ನಮ್ಮಲ್ಲೂ ಇದೆ, ಚಹಾಕ್ಕೆ. ಉಳಿದದ್ದು ಗೋಬರ್ ಗ್ಯಾಸು ಮತ್ತು ಕಟ್ಟಿಗೆ. ಎರಡು ಘನ ಮೀಟರ್ ಪ್ಲಾಂಟಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ನಾಲ್ಕೈದು ದನ ಇದ್ದರೆ ಸಾಕು. ಆದರೆ ಥಂಡಿಗೆ ಗ್ಯಾಸು ಇಳಿಯುತ್ತದೆ, ಮಳೆಗಾಲದಲ್ಲಿ ಡ್ರಮ್ಮು ಮೇಲೇಳುವುದೇ ಇಲ್ಲ. ಬೇಕಾದಾಗಲೇ ಕಡಿಮೆ, ಏನು ಮಾಡುವುದು! ಹಂಡೆಯ ಉಗುರುಬೆಚ್ಚಗಿನ ನೀರಿನಲ್ಲಿ ಸಗಣಿ ಕಲಸಿದರೆ ಸ್ವಲ್ಪ ಪರವಾಗಿಲ್ಲ. ಪ್ಲಾಂಟಿನ ಸುತ್ತ ಮಳೆನೀರು ನಿಲ್ಲದಂತೆಯೂ ನೋಡಬೇಕು. ಅಡುಗೆಮನೆಯಲ್ಲಿ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಈ ಒಲೆಯಲ್ಲಿ ಒಂದೇ ಉರಿಗೆ ಮೂರು ಪಾತ್ರೆ ಕಾಯುತ್ತವೆ, ಹೊಗೆ ಚಿಮಣಿಯಲ್ಲಿ ಹೋಗುತ್ತದೆ.

ಕಟ್ಟಿಗೆ ಮನೆ ಮಾರ್ಚ್ ಒಳಗೆ ತುಂಬಬೇಕು. ದಪ್ಪ ಕುಂಟೆಗಳಿಗೆ ಎರಡು ಬೇಸಿಗೆ ಬಿಸಿಲು ಬೇಕು, ಹಾಗಾಗಿ ಈ ವರ್ಷ ಸೀಳಿದ್ದು ಮುಂದಿನ ವರ್ಷಕ್ಕೆ. ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು, ತೆಂಗಿನ ಹೆಡೆ (ಗರಿ) ಬಚ್ಚಲ ಒಲೆಗೆ. ಬೆಂಕಿಪೊಟ್ಟಣವನ್ನು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ಒಲೆಯ ಪಕ್ಕದ ಗೂಡಿನಲ್ಲಿಡಿ. ಸಣ್ಣ ವಿಷಯ. ಆದರೆ ಜುಲೈ ತಿಂಗಳ ಥಂಡಿಯಲ್ಲಿ ಕಡ್ಡಿ ಗೀರಿ ಗೀರಿ ಅಳು ಬರುವಂತಾದವರಿಗೆ ಗೊತ್ತು.

ಊಟದ ಸಂಗ್ರಹದ ಬಗ್ಗೆ ಪೇಟೆಯವರು ಕೇಳಿದರೆ ನಗು ಬರುತ್ತದೆ. ಡಬ್ಬಿ ಆಹಾರ, ಬಿಸ್ಕತ್ತು ಅಂತ ಪಟ್ಟಿ ಮಾಡಿಕೊಂಡು ಬರುತ್ತಾರೆ. ನಮ್ಮ ಮಳೆಗಾಲದ ಅಡುಗೆಯೇ ಸಂಗ್ರಹದ ಅಡುಗೆ ಅಲ್ವಾ? ಜನವರಿ-ಫೆಬ್ರವರಿಯ ಆಲೆಮನೆಯಿಂದ ಜೋನಿಬೆಲ್ಲದ (ನೀರುಬೆಲ್ಲದ) ಡಬ್ಬ ಬರುತ್ತದೆ. ಮಾರ್ಚ್‌ನಲ್ಲಿ ಉಪ್ಪಿನಕಾಯಿಗೆ ಅಪ್ಪೆಮಿಡಿ (ಪರಿಮಳದ ಮಾವಿನ ಮಿಡಿ), ಅದಕ್ಕೆ ಕರಾವಳಿಯ ಸಾಣಿಕಟ್ಟಾ ಉಪ್ಪೇ ಆಗಬೇಕು ಅಂತ ಆಯಿಯ (ಅಮ್ಮನ) ಹಟ. ಏಪ್ರಿಲ್-ಮೇ ಹಲಸಿನ ಕಾಲ: ಹಪ್ಪಳ, ಚಿಪ್ಸು, ಉಪ್ಪಿನ ಸೊಳೆ. ಬಲಿತ ಕಾಯಿಯ ಸೊಳೆಯನ್ನು ಉಪ್ಪಿನ ಜೊತೆ ಭರಣಿಯಲ್ಲಿ ಒತ್ತಿ, ಮೇಲೆ ಕಲ್ಲಿಟ್ಟು ಬಟ್ಟೆ ಕಟ್ಟಿದರೆ ಆಷಾಢದಲ್ಲಿ ತರಕಾರಿಯ ಚಿಂತೆ ಇಲ್ಲ. ಹಿಂದಿನ ರಾತ್ರಿ ನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿ ಪಲ್ಯವನ್ನೋ ಹುಳಿಯನ್ನೋ ಮಾಡುವುದು. ಮೊಗೆಕಾಯಿಯನ್ನು (ಮಂಗಳೂರು ಸೌತೆ) ಬಾಳೆ ಪಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಜಂತಿಗೆ ಸಾಲಾಗಿ ತೂಗುಬಿಡುತ್ತೇವೆ. ಒಂದಕ್ಕೊಂದು ತಾಗಬಾರದು, ನೆಲ ಮುಟ್ಟಬಾರದು, ಒಲೆಯ ಬಿಸಿ ಸ್ವಲ್ಪ ತಾಗಬೇಕು. ಹೀಗೆ ತಿಂಗಳುಗಟ್ಟಲೆ ಇರುತ್ತವೆ. ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ, ಹುರುಳಿ, ಸಿಹಿಗುಂಬಳ, ಸುವರ್ಣಗಡ್ಡೆ. ಮಳೆ ಬಿದ್ದ ಮೇಲೆ ಹಿತ್ತಲಿನಲ್ಲೇ ಕೆಸು, ಚಗಟೆ ಸೊಪ್ಪು, ಒಂದೆಲಗ. ಕಳಲೆ (ಎಳೆ ಬಿದಿರು) ಸಿಕ್ಕರೆ ಹಬ್ಬ. ಪೇಟೆಯಿಂದ ಬರಬೇಕಾದದ್ದು ಅಕ್ಕಿ, ಬೇಳೆ, ಎಣ್ಣೆ, ಚಹಾಪುಡಿ. ಅವು ಮೇ ಕೊನೆಗೆ ಮೂರು ತಿಂಗಳಿನದ್ದು ಒಟ್ಟಿಗೆ ಬರುತ್ತವೆ.

ರುಬ್ಬುವುದು ಮಾತ್ರ ಕಷ್ಟ. ಮಿಕ್ಸಿಗೆ ಒಗ್ಗಿದ ಕೈ ಒರಳಿಗೆ ಬರುವುದಿಲ್ಲ. ಮುಗಿಲು ಕಪ್ಪಾದ ದಿನ ಆಯಿ ನನ್ನ ಹೆಂಡತಿಗೆ ಹೇಳುವುದು ಒಂದೇ: "ಕೂಸೇ, ಕರೆಂಟು ನಂಬಿ ಅಕ್ಕಿ ನೆನೆಹಾಕಡ (ನೆನೆಹಾಕಬೇಡ)."

ಬೆಳಕಿನ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯಗಳಿವೆ. ಚಾವಣಿಗೆ ಸೋಲಾರ್ ಹಾಕಿಸಿದರೆ ಕರೆಂಟಿನ ಹಂಗಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್ ಆದರೆ ಲೈನು ಹೋದ ಕೂಡಲೇ ಅದೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೇ ಮಾಡಿರುತ್ತಾರೆ. ಬ್ಯಾಟರಿ ಇದ್ದರೂ, ನಮ್ಮ ಜುಲೈನಲ್ಲಿ ಪ್ಯಾನೆಲ್ಲಿಗೆ ಸಿಗುವ ಬೆಳಕು ಅಷ್ಟಕ್ಕಷ್ಟೇ. ಬೇಸಿಗೆಗೆ ಸೋಲಾರ್ ಒಳ್ಳೆಯದು. ಮಳೆಗಾಲಕ್ಕೆ ನಮ್ಮ ಆಧಾರ ಹಳ್ಳ.

ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸುತ್ತೇವೆ. ಮಲೆನಾಡಿನ, ಕೊಡಗಿನ ಎಷ್ಟೋ ಮನೆಗಳಲ್ಲಿ ಇದಿದೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಇಳಿದರೆ ಲೆಕ್ಕದಲ್ಲಿ ಸುಮಾರು 2 ಕಿಲೋವ್ಯಾಟ್. ಸಣ್ಣ ಯಂತ್ರದಲ್ಲಿ ಅರ್ಧ ಸೋರಿಹೋಗುತ್ತದೆ, 1 ಕಿಲೋವ್ಯಾಟ್ ಕೈಗೆ ಸಿಕ್ಕರೆ ಸಂತೋಷ. ಮನೆಯ ದೀಪ, ಫ್ರಿಜ್ಜು, ಫೋನು, ಟಿವಿಗೆ ಧಾರಾಳ. ಇದರ ಚಂದ ಏನೆಂದರೆ, ಯಾವ ಮಳೆಗೆ ಕಂಬ ಬೀಳುತ್ತದೋ ಅದೇ ಮಳೆಗೆ ಹಳ್ಳ ತುಂಬುತ್ತದೆ. ಮನೆಯಲ್ಲಿ ಬಳಸದೆ ಉಳಿದ ಕರೆಂಟನ್ನು ಎಲ್ಲಾದರೂ ಖರ್ಚು ಮಾಡಲೇಬೇಕು, ಇಲ್ಲದಿದ್ದರೆ ಯಂತ್ರ ಓಟ ಕೀಳುತ್ತದೆ. ಕಂಟ್ರೋಲರ್ ಅದನ್ನು ಹೀಟರಿಗೆ ತಿರುಗಿಸುತ್ತದೆ. ಆ ಹೀಟರನ್ನು ಒಂದು ಸಣ್ಣ ಕೋಣೆಯಲ್ಲಿಟ್ಟು ಬಟ್ಟೆ ಒಣಗಿಸುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ಒಣಗಿದ ಬಟ್ಟೆ ಅಂದರೆ ಏನು ಅಂತ ಇಲ್ಲಿನವರಿಗೇ ಗೊತ್ತು. ಹಳ್ಳ ಇಲ್ಲದವರಿಗೆ ಇನ್ವರ್ಟರೇ ಗತಿ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ 900 ವ್ಯಾಟ್-ಅವರ್ ಸಿಗುತ್ತದೆ. 9 ವ್ಯಾಟಿನ ಆರು ಬಲ್ಬು ಸಂಜೆ ನಾಲ್ಕೇ ತಾಸು ಉರಿಸಿದರೆ ಮೂರು-ನಾಲ್ಕು ದಿನ ತಳ್ಳಬಹುದು. ಟಿವಿ, ಫ್ಯಾನು ಹಾಕಿದರೆ ಅದೇ ರಾತ್ರಿ ಕತ್ತಲೆ.

ದನಗಳಿಗೆ ಬಿಳಿಹುಲ್ಲು ಮೇ ಒಳಗೆ ಅಟ್ಟಕ್ಕೆ ಏರಬೇಕು. ಜೋರು ಮಳೆಗೆ ಹಸಿಹುಲ್ಲು ಕೊಯ್ಯಲು ಹೋಗಲಾಗದಿದ್ದರೆ ಬಿದ್ದ ಅಡಿಕೆ ಹಾಳೆ ಕತ್ತರಿಸಿ ಹಾಕುತ್ತೇವೆ. ಗುಡುಗು ಶುರುವಾದರೆ ಪ್ಲಗ್ ಕೀಳುವುದು, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದೇ ಕಡೆ ಇಡುವುದು, ಮನೆಯ ಮೇಲೆ ವಾಲಿದ ಕೊಂಬೆಗಳನ್ನು ಮೇ ಒಳಗೆ ಇಳಿಸುವುದು. ಇವು ಎಲ್ಲರೂ ಮಾಡುವವೇ.

ಎಲ್ಲರೂ ಮಾಡದೇ ಬಿಡುವುದು ಮನೆಯ ಹಿಂದಿನ ಧರೆಯ ಕೆಲಸ. ನಮ್ಮ ಕಡೆ ಮನೆ ಹೋಗುವುದು ಹೆಚ್ಚಾಗಿ ಹೊಳೆಯಿಂದಲ್ಲ, ಧರೆಯಿಂದ. ಜೆಸಿಬಿ ತರಿಸಿ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಅಂಗಳ ಅಗಲ ಮಾಡುತ್ತಾರೆ. ಎರಡು ಮಳೆಗಾಲ ನಿಲ್ಲುತ್ತದೆ, ಮೂರನೆಯದಕ್ಕೆ ಅಡುಗೆಮನೆಗೆ ಬರುತ್ತದೆ. ನಾವು ಧರೆಯನ್ನು ಮೆಟ್ಟಿಲಿನಂತೆ ಓರೆಯಾಗಿ ಇಳಿಸಿ, ಅಂಚಿಗೆ ಲಾವಂಚ ನೆಟ್ಟಿದ್ದೇವೆ. ಮೇಲಿನ ನೀರು ಧರೆಯ ನೆತ್ತಿಗೆ ಬರದಂತೆ ಅಡ್ಡ ಅಗಳು (ಕಾಲುವೆ) ತೆಗೆದು ಪಕ್ಕದ ಹಳ್ಳಕ್ಕೆ ಬಿಟ್ಟಿದ್ದೇವೆ. ಅಗಳಿನ ದರಕು ಮಳೆಗಾಲದಲ್ಲೂ ತೆಗೆಯುತ್ತಿರಬೇಕು. ಇನ್ನೊಂದು ಮಾತು ಹೇಳಲೇಬೇಕು. ಇಂಗುಗುಂಡಿ ಒಳ್ಳೆಯದು ಅಂತ ಕಡಿದಾದ ಇಳಿಜಾರಿನಲ್ಲಿ, ಮನೆಯ ನೆತ್ತಿಯ ಮೇಲೆ ತೋಡಬೇಡಿ. ಮಣ್ಣು ನೀರು ಕುಡಿದು ಭಾರವಾದರೆ ಅದೇ ಜಾರುತ್ತದೆ. ಇಂಗಿಸುವ ಕೆಲಸ ಸಮತಟ್ಟಾದ ಜಾಗದಲ್ಲಿರಲಿ.

ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ಇಟ್ಟು ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆಯುತ್ತೇನೆ. 24 ತಾಸಿನಲ್ಲಿ 204.4 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. ಆದರೆ ಒಂದು ದಿನದ ಅಳತೆಗಿಂತ ಹಿಂದಿನ ವಾರದ ಮೊತ್ತ ನನಗೆ ಮುಖ್ಯ. ನೆಲ ಆಗಲೇ ತುಂಬಿದ್ದರೆ ಸಾಧಾರಣ ಮಳೆಯೂ ಸಾಕು. ಅದರ ಜೊತೆ ಬೆಟ್ಟದಲ್ಲಿ ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಒರತೆ ದಿಢೀರನೆ ಕೆಂಪಾಗುವುದು ಅಥವಾ ನಿಂತೇ ಹೋಗುವುದು ಕಂಡರೆ ಮನೆ ಬಿಡುವುದೇ. ಅಲ್ಲಿ ಚರ್ಚೆ ಇಲ್ಲ. ಕಟ್ಟಿಗೆ, ಅಕ್ಕಿ, ಟರ್ಬೈನ್ ಎಲ್ಲ ಇದೆ ಅಂತ ಕೂತರೆ ಅದು ಧೈರ್ಯವಲ್ಲ.

ಸ್ವಾವಲಂಬನೆ ನಿಲ್ಲುವ ಇನ್ನೊಂದು ಜಾಗ ಕಾಯಿಲೆ. ಬಿಪಿ, ಶುಗರ್ ಮಾತ್ರೆ ಎರಡು ತಿಂಗಳಿನದ್ದು ತಂದಿಡಬಹುದು. ಡಯಾಲಿಸಿಸ್ ಬೇಕಾದವರನ್ನು, ದಿನ ತುಂಬಿದ ಬಸುರಿಯರನ್ನು ರಸ್ತೆ ಇರುವಾಗಲೇ ಪೇಟೆಯ ನೆಂಟರ ಮನೆಗೆ ಕಳಿಸಬೇಕು. ಹಾವು ಕಡಿದರೆ ಯಾವ ಆಸ್ಪತ್ರೆಯಲ್ಲಿ ಮದ್ದಿದೆ, ಆ ದಾರಿ ಕಟ್ಟಿದರೆ ಬೇರೆ ದಾರಿ ಯಾವುದು ಅಂತ ಮೊದಲೇ ಗೊತ್ತಿರಬೇಕು. ನಮ್ಮ ಕೇರಿಯಲ್ಲಿ ಮೇ ತಿಂಗಳಲ್ಲೇ ಕೂತು ಇದನ್ನು ಮಾತಾಡಿಕೊಳ್ಳುತ್ತೇವೆ: ಯಾರ ಜೀಪು, ಯಾರ ಹತ್ತಿರ ಮರ ಕೊಯ್ಯುವ ಯಂತ್ರ, ರಾತ್ರಿ ಮನೆ ಬಿಡಬೇಕಾದರೆ ಯಾರ ಮನೆಯ ಜಗಲಿ. ಫೋನು ಇರುವುದಿಲ್ಲವಾದ್ದರಿಂದ ಶಂಖ ಊದುವುದು ಅಂತ ತೀರ್ಮಾನ. ಪೂಜೆ ಮಾಡುವ ಮನೆಯಲ್ಲಿ ಶಂಖ ಇದ್ದೇ ಇರುತ್ತದೆ, ಊದಿ ಅಭ್ಯಾಸವೂ ಇರುತ್ತದೆ. ಹೊರಡುವಾಗ ದನಗಳ ಕಣ್ಣಿ ಬಿಚ್ಚುವುದು ದೊಡ್ಡ ಮಗನ ಕೆಲಸ, ಆಯಿಯ ಮಾತ್ರೆ ಚೀಲ ಸಣ್ಣವಳದ್ದು, ಟರ್ಬೈನಿನ ಗೇಟು ಮುಚ್ಚುವುದು ನನ್ನದು.