ಪಿಕ್‌ಅಪ್‌ನ ಪಾಟಾ ಬಿಚ್ಚುವ ಮೊದಲು ಗಾಡಿ ಎತ್ತುವುದು ಹೇಗೆ?

ಇಂಡಿಯ ಲಿಂಬೆ, ತಿಕೋಟಾದ ದ್ರಾಕ್ಷಿ, ಕೊಲ್ಹಾರದ ಉಳ್ಳಾಗಡ್ಡಿ, ಯಾವುದನ್ನೇ ಹೇರಲಿ, ವಿಜಯಪುರ ಜಿಲ್ಲೆಯ ಹೊಲದ ದಾರಿಯಲ್ಲಿ ಓಡುವ ಪಿಕ್‌ಅಪ್‌ನ ಹಿಂದಿನ ಪಾಟಾ, ಅಂದರೆ ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್, ಹೆಚ್ಚು ದಿನ ಬಾಳುವುದಿಲ್ಲ. ಒಂದು ಎಲೆ (ಪಟ್ಟಿ) ತುಂಡಾಗುತ್ತದೆ, ಇಲ್ಲವೇ ಪಾಟಾದ ತುದಿಯ ಕೊಂಡಿಯಾದ ಶ್ಯಾಕಲ್‌ನ ಬುಷ್ ಸವೆದು ಗಾಡಿ ಕಟಕಟ ಅನ್ನುತ್ತದೆ. ಆಗ ಎಷ್ಟೋ ಮಂದಿ ಗ್ಯಾರೇಜಿಗೆ ಹೋಗದೆ ಮನೆ ಮುಂದೆಯೇ ಪಾನಾ (ಸ್ಪ್ಯಾನರ್) ಹಿಡಿದು ಕೂಡುತ್ತಾರೆ. ಬಿಚ್ಚಿ ಕಟ್ಟುವ ಕೆಲಸ ಬಲ್ಲವರಿಗೆ ಕಷ್ಟದ್ದಲ್ಲ. ಜೀವಕ್ಕೆ ಎರವಾಗುವುದು ಗಾಡಿ ಎತ್ತುವ ರೀತಿ. ದೊಡ್ಡ ಪಿಕ್‌ಅಪ್ ಖಾಲಿ ಇದ್ದಾಗಲೂ ಒಂದೂವರೆ ಟನ್ನಿಗೆ ಕಡಿಮೆ ತೂಗುವುದಿಲ್ಲ.

ಮೊದಲು ನೆಲ

ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಅಂಗಳ ಒಂದು ಹದ ಮಳೆಯಾದರೆ ಬೆಣ್ಣೆಯಾಗುತ್ತದೆ. ಖಂಡೆ ಪೂಜೆಗೆ ನಾಲ್ಕು ದಿನ ಇರುವಾಗ ನಾನು ಹೀಗೇ ಮೋಸ ಹೋಗಿದ್ದೆ. ಮೇಲ್ಮಣ್ಣು ಒಣಗಿತ್ತು. ಬಾಟಲ್ ಜಾಕ್ ಕೊಟ್ಟು ಒಂದು ಗಾಲಿ ಎತ್ತಿ, ಕೆಳಗೆ ತೂರಲು ಬಗ್ಗಿದೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ, "ಏ ತಮ್ಮಾ, ನಿಂದ್ರು! ಜಾಕ್ ವಾಲಾಕತ್ತೇತಿ ನೋಡು" ಎಂದು ಕೂಗಿದರು. ನಾನು ಹಿಂದೆ ಸರಿದದ್ದೇ ತಡ, ಜಾಕಿನ ಬುಡ ಒಂದು ಕಡೆ ಇಳಿದು ಗಾಡಿ ಧೊಪ್ಪನೆ ಕೂತಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಸಮತಟ್ಟಾದ ಕಾಂಕ್ರೀಟ್ ನೆಲ ಸಿಕ್ಕರೆ ಅಲ್ಲೇ ಮಾಡಿ. ಮಣ್ಣಿನ ಮೇಲೆ ಮಾಡಲೇಬೇಕೆಂದರೆ ಒಳಗಿನವರೆಗೂ ಒಣಗಿ ಗಟ್ಟಿಯಾದ ಜಾಗ ನೋಡಿ, ಜಾಕ್ ಮತ್ತು ಎತ್ತಿದ ಗಾಡಿಯನ್ನು ಹೊರುವ ಪ್ರತಿ ಸ್ಟ್ಯಾಂಡಿನ ಕೆಳಗೆ ಒಂದಡಿ ಅಗಲದ ದಪ್ಪ ಉಕ್ಕಿನ ಪ್ಲೇಟು ಹಾಕಿ. ತಾಳಿಕೋಟಿ ಫರಸಿಯ (ನೆಲಹಾಸು ಕಲ್ಲಿನ) ತುಂಡು ಮನೆ ಮನೆಯಲ್ಲೂ ಬಿದ್ದಿರುತ್ತದೆ, ಕೈ ಅದಕ್ಕೇ ಹೋಗುತ್ತದೆ. ಬೇಡ. ಒಂದೇ ಕಡೆ ಭಾರ ಬಿದ್ದರೆ ಅದು ಸದ್ದಿಲ್ಲದೆ ಸೀಳುತ್ತದೆ. ಇಟ್ಟಿಗೆಗೂ ಪೊಳ್ಳು ಸಿಮೆಂಟ್ ಬ್ಲಾಕಿಗೂ ಇದೇ ಮಾತು: ಅವು ಬಾಗಿ ಮುನ್ಸೂಚನೆ ಕೊಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ.

ಗಾಲಿಗೆ ಅಡ್ಡೆ

ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿ ನಿಲ್ಲಿಸಿದರೆ ಸಾಕು ಎಂಬ ನಂಬಿಕೆ ಬಹಳ ಜನರಲ್ಲಿದೆ. ಈ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ನೀವು ಎತ್ತುವುದೂ ಅವನ್ನೇ. ಗೇರಿನದು ಇನ್ನೂ ದೊಡ್ಡ ಮೋಸ. ಹಿಂದಿನ ಒಂದು ಗಾಲಿ ಗಾಳಿಗೆ ಬಂದ ಕೂಡಲೇ ಹಿಂದಿನ ಎರಡು ಗಾಲಿಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಆ ಗಾಲಿಯನ್ನು ತಿರುಗಲು ಬಿಡುತ್ತದೆ, ನೆಲದ ಮೇಲಿನ ಗಾಲಿಯೂ ಉರುಳಬಹುದು. ಎರಡನ್ನೂ ಹಾಕಿಡಿ, ಆದರೆ ನಂಬಬೇಕಾದದ್ದು ಮುಂದಿನ ಗಾಲಿಗಳ ಅಡ್ಡೆಯನ್ನು. ಎರಡೂ ಮುಂಗಾಲಿಗಳಿಗೆ, ಹಿಂದೆ ಮುಂದೆ, ಬೆಣೆಯಾಕಾರದ ಗಟ್ಟಿ ಕಟ್ಟಿಗೆ ಕೊಡಿ. ದುಂಡು ಕಲ್ಲು ಜಾರುತ್ತದೆ.

ಹಿಂಗಾಲಿಯ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಗಾಡಿಯ ಮೇಲೆ ಪಾನಾ ಜಗ್ಗಬಾರದು.

ಎರಡು ಭಾರ, ಎರಡು ಆಧಾರ

ಪಂಕ್ಚರ್ ಕೆಲಸಕ್ಕೂ ಪಾಟಾ ಕೆಲಸಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಗಾಲಿ ಬದಲಿಸುವಾಗ ಎಕ್ಸೆಲ್ (ಎರಡು ಗಾಲಿಗಳ ನಡುವಿನ ಅಚ್ಚು) ಕೆಳಗೆ ಜಾಕ್ ಕೊಟ್ಟರೆ ಕೆಲಸ ಮುಗಿಯುತ್ತದೆ, ಏಕೆಂದರೆ ಎಕ್ಸೆಲ್ಲೂ ಗಾಡಿಯ ಚೌಕಟ್ಟಾದ ಚಾಸಿಯೂ ಪಾಟಾದಿಂದ ಕೂಡಿಯೇ ಇರುತ್ತವೆ. ಈಗ ನೀವು ಬಿಚ್ಚುವುದು ಆ ಕೊಂಡಿಯನ್ನೇ. ಪಾಟಾವನ್ನು ಎಕ್ಸೆಲ್ಲಿಗೆ ಬಿಗಿದಿರುವ ಯೂ ಬೋಲ್ಟ್ ಕಳಚಿದ ಗಳಿಗೆ ಮೇಲಿನ ಚಾಸಿ ಬೇರೆ, ಕೆಳಗಿನ ಎಕ್ಸೆಲ್ ಬೇರೆ. ಹಾಗಾಗಿ ಚಾಸಿಯನ್ನು ಸ್ಟ್ಯಾಂಡ್ ಹೊರಬೇಕು, ಎಕ್ಸೆಲ್ಲನ್ನು ಜಾಕ್ ಹಿಡಿದಿರಬೇಕು.

ಜಾಕ್ ಗಾಡಿಯ ಭಾರಕ್ಕಿಂತ ಹೆಚ್ಚಿನ ಸಾಮರ್ಥ್ಯದ್ದಿರಲಿ, ನೆಟ್ಟಗೆ ನಿಂತಿರಲಿ. ಪಾಟಾ ಕೂರುವ ಜಾಗದ ಹತ್ತಿರ ಎಕ್ಸೆಲ್ ಕೊಳವೆಗೆ ಅದನ್ನು ಕೊಟ್ಟು, ಒಂದು ಬದಿ ಸ್ವಲ್ಪ, ಇನ್ನೊಂದು ಬದಿ ಸ್ವಲ್ಪ, ಹೀಗೆ ಎತ್ತುತ್ತಾ ಹೋಗಿ. ಒಂದೇ ಬದಿ ಪೂರಾ ಎತ್ತಿದರೆ ಇನ್ನೊಂದು ಬದಿಯ ಸ್ಟ್ಯಾಂಡ್ ವಾಲುತ್ತದೆ. ಪಾಟಾದ ಮುಂದಿನ ಕಿವಿ (ತುದಿಯ ಬಳೆ) ಚಾಸಿಗೆ ಸೇರುವಲ್ಲಿಂದ ತುಸು ಮುಂದೆ, ಚಾಸಿಯ ಸಪಾಟು ಭಾಗಕ್ಕೆ ಎರಡೂ ಬದಿ ಸಮ ಎತ್ತರದ ಸ್ಟ್ಯಾಂಡ್ ಇಡಿ. ಬ್ರೇಕ್ ಪೈಪು, ವೈರು ನಡುವೆ ಸಿಕ್ಕಿಲ್ಲವೆಂದು ನೋಡಿ ಜಾಕನ್ನು ನಿಧಾನ ಇಳಿಸಿ, ಚಾಸಿ ಸ್ಟ್ಯಾಂಡಿನ ಮೇಲೆ ಪೂರ್ತಿ ಕೂಡಲಿ.

ಸ್ಟ್ಯಾಂಡ್ ಇಲ್ಲದವರು ಜಾಲಿಯ ಚೌಕ ತೊಲೆಗಳನ್ನು ಎರಡೆರಡಾಗಿ ಅಡ್ಡಡ್ಡ ಪೇರಿಸಬಹುದು. ಎತ್ತರ ಬುಡದ ಅಗಲವನ್ನು ಮೀರಬಾರದು. ಸೀಳು ಬಿಟ್ಟ ತೊಲೆ ಒಲೆಗೆ ಹೋಗಲಿ.

ಹೈಡ್ರಾಲಿಕ್ ಜಾಕನ್ನು ನಂಬಿ ಒಳಗೆ ಮಲಗಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಇಡೀ ಭಾರವನ್ನು ಹಿಡಿದಿರುವುದು ಒಳಗಿನ ರಬ್ಬರ್ ಸೀಲು ಮತ್ತು ಎಣ್ಣೆ. ನಮ್ಮ ಧೂಳಿಗೆ ಸೀಲು ಗೀರಿದರೆ ಹೊರಗಿನಿಂದ ಕಾಣುವುದಿಲ್ಲ.

ಸ್ಟ್ಯಾಂಡ್ ಕೂತ ಮೇಲೆ, ಒಳಗೆ ಹೋಗುವ ಮೊದಲು, ಹೊರಗೆ ನಿಂತು ಗಾಡಿಯನ್ನು ಪಕ್ಕದಿಂದ ಜೋರಾಗಿ ದೂಡಿ. ಅಲುಗಾಡಿದರೆ ಇಳಿಸಿ ಮತ್ತೆ ಮೊದಲಿನಿಂದ. ಗಾಲಿ ಬಿಚ್ಚಿ ಅದನ್ನು ಚಾಸಿಯ ಕೆಳಗೆ ಮಲಗಿಸಿಡಿ. ಸ್ಟ್ಯಾಂಡ್ ಕೈಕೊಟ್ಟರೆ ನಿಮ್ಮ ಎದೆಗೂ ಚಾಸಿಗೂ ನಡುವೆ ಅದೊಂದು ಇರುತ್ತದೆ.

ಬಿಚ್ಚುವಾಗ

ಎಕ್ಸೆಲ್ ಕೆಳಗೆ ಜಾಕ್ ಮತ್ತೆ ಕೊಟ್ಟು, ಅದರ ತೂಕ ಜಾಕಿಗೆ ಬರುವಷ್ಟು ಮಾತ್ರ ಎತ್ತಿ. ಚಾಸಿ ಸ್ಟ್ಯಾಂಡಿನಿಂದ ಕೂದಲೆಳೆಯಷ್ಟೂ ಮೇಲೇಳಬಾರದು. ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆದು, ಆಮೇಲೆ ಯೂ ಬೋಲ್ಟ್ ಸಡಿಲಿಸಿ. ಎಕ್ಸೆಲ್ ಬ್ರೇಕ್ ಪೈಪಿನಲ್ಲಿ ತೂಗಾಡದಿರಲಿ. ಒಂದು ಬದಿ ಕಟ್ಟಿ ಮುಗಿಸಿಯೇ ಇನ್ನೊಂದು ಬದಿಗೆ ಕೈಹಾಕಿ. ತೂತು ಸರಿ ಬಂತೇ ಎಂದು ಬೆರಳು ಹಾಕಿ ನೋಡಬೇಡಿ, ರಾಡಿನಿಂದ ನೋಡಿ. ಎಲೆಗಳನ್ನು ಬಿಡಿಸಬೇಕಾದರೆ ಸಿ ಕ್ಲ್ಯಾಂಪ್ ಬಿಗಿದ ಮೇಲೆಯೇ ಸೆಂಟರ್ ಬೋಲ್ಟ್ ತೆಗೆಯಿರಿ. ಒತ್ತಿ ಹಿಡಿದ ಎಲೆಗಳು ಸಿಡಿದರೆ ಮುಖ ಉಳಿಯುವುದಿಲ್ಲ.

ಒಬ್ಬರೇ ಇರುವಾಗ ಈ ಕೆಲಸ ಬೇಡ. ಯಾರಾದರೂ ಕಣ್ಣಳತೆಯಲ್ಲಿರಲಿ, ಇನ್ನೊಂದು ಜಾಕ್ ಕೈಗೆ ಸಿಗುವಂತಿರಲಿ. ಯಾರಾದರೂ ಸಿಕ್ಕಿಕೊಂಡರೆ ಎಳೆಯಲು ಹೋಗದೆ ಆ ಜಾಕಿನಿಂದ ಗಾಡಿ ಎತ್ತಿ, ತೊಲೆ ಕೊಟ್ಟು, 108ಕ್ಕೆ ಕರೆ ಮಾಡಿ.

ಹೊಸ ಪಾಟಾಕ್ಕೆ ಹೊಸ ಯೂ ಬೋಲ್ಟನ್ನೇ ಹಾಕಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ರಬ್ಬರ್ ಬುಷ್ ಇರುವ ಕಿವಿ, ಶ್ಯಾಕಲ್ ಬೋಲ್ಟುಗಳ ಕೊನೆಯ ಬಿಗಿ ಮಾತ್ರ ಗಾಡಿ ನೆಲಕ್ಕಿಳಿದು ತನ್ನ ಭಾರದಲ್ಲಿ ಕೂತ ಮೇಲೆ. ಮೇಲಿದ್ದಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಎರಡು ದಿನ ಓಡಿದ ಮೇಲೆ, ಹೇರು ಹಾಕುವ ಮೊದಲು, ಯೂ ಬೋಲ್ಟಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.