ತೊನ್ನೂ ಅಲ್ಲ, ನರೂಲಿಯೂ ಅಲ್ಲ

ರೋಣದ ಕಡೆಯ ಆ ಹೆಣ್ಣುಮಗಳು ಕುರ್ಚಿಯಲ್ಲಿ ಕೂತವರೇ ಮೊದಲು ಬಾಗಿಲ ಕಡೆ ನೋಡಿದರು. ಮಗ ಹೊರಗೆ ಹೋದ ಮೇಲೆಯೇ ತಲೆ ಮೇಲಿನ ಸೆರಗು ಸರಿಸಿದ್ದು.

"ಬಾಯಾರ, ಖರೇ ಹೇಳ್ರಿ. ಇದು ತೊನ್ನೇನ್ರಿ? ಸೊಸಿ ನನ್ನ ಟವೆಲ್ಲು, ಸಾಬಾಣ ಎಲ್ಲಾ ಬ್ಯಾರೆ ಇಟ್ಟಾಳ."

ವಯಸ್ಸು 58. (ಗುರುತು ಸಿಗಬಾರದೆಂದು ಊರು, ವಯಸ್ಸು ಕೊಂಚ ಬದಲಿಸಿದ್ದೇನೆ.) ಕುತ್ತಿಗೆಯ ಎರಡೂ ಪಕ್ಕ, ಹಿಂದೆ ತುರುಬಿನ ಬುಡದವರೆಗೆ, ನವಣೆ ಕಾಳು ಚೆಲ್ಲಿದ ಹಾಗೆ ಬಿಳಿಚಿದ ಗುಳ್ಳೆಗಳು. ಒಂದೊಂದೂ 2-3 ಮಿಲಿಮೀಟರ್. ತುರಿಕೆ ಇಲ್ಲ, ನೋವಿಲ್ಲ, ಹಿಂಡಿದರೆ ಏನೂ ಬರುವುದಿಲ್ಲ. ನಾಲ್ಕೈದು ವರ್ಷದಿಂದ ಇವೆಯಂತೆ, ಮೆಲ್ಲಗೆ ಹೆಚ್ಚಿವೆ.

ಹುಬ್ಬಳ್ಳಿಯ ನನ್ನ ಚರ್ಮರೋಗದ ಕ್ಲಿನಿಕ್ಕಿಗೆ ಬರುವ ಹೊತ್ತಿಗೆ ಅವರು ಸುಣ್ಣ-ಸೋಡಾ ಹಚ್ಚಿ ಮುಗಿಸಿದ್ದರು, ಔಷಧ ಅಂಗಡಿಯವರು ಕೊಟ್ಟ ಮುಲಾಮನ್ನೂ ಹಚ್ಚಿದ್ದರು. ಆ ಮುಲಾಮು ಯಾವುದೆಂದು ಕೇಳಬೇಕಾಗಿಯೇ ಇಲ್ಲ. ನಮ್ಮ ಕಡೆ ಚರ್ಮಕ್ಕೆ ಏನೇ ಆಗಲಿ, ಸ್ಟೆರಾಯ್ಡು, ಫಂಗಸ್ಸಿನ ಔಷಧಿ, ಆಂಟಿಬಯೋಟಿಕ್ಕು ಮೂರೂ ಬೆರೆಸಿದ ಒಂದೇ ಟ್ಯೂಬು. ಹಚ್ಚಿದ ಜಾಗದ ಚರ್ಮ ತೆಳುವಾಗಿತ್ತು, ಗುಳ್ಳೆಗಳು ಇದ್ದಲ್ಲೇ ಇದ್ದವು.

ಅವರ ಕುತ್ತಿಗೆ ನೋಡುತ್ತಿದ್ದಂತೆ ನನಗೆ ನೆನಪಾದದ್ದು ಧಾರವಾಡದ ಒಬ್ಬ ನಿವೃತ್ತ ಮಾಸ್ತರರು. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಇಂಥವೇ ಗುಳ್ಳೆಗಳು. ನಾನು ಎರಡು ನಿಮಿಷ ನೋಡಿ ಚಪ್ಪಟೆ ನರೂಲಿ ಎಂದು ತೀರ್ಮಾನಿಸಿ, ಮೂವತ್ತರಷ್ಟನ್ನು ಕಾಟರಿಯಲ್ಲಿ ಸುಟ್ಟೆ. ಮೂರು ತಿಂಗಳ ಮೇಲೆ ಬಂದಾಗ ಸುಟ್ಟ ಕಡೆಯೆಲ್ಲ ಕಪ್ಪು ಕಲೆ, ನಡುನಡುವೆ ಉಳಿದ ಬಿಳಿ ಗುಳ್ಳೆ. ಅವರು ಒಂದು ಮಾತೂ ಆಡಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಈ ಸಲ ಸೂಜಿ ಮುಟ್ಟುವ ಮೊದಲು ಕೈಯಿಂದ ನೋಡಿದೆ. ತೊನ್ನು ಕೈಗೆ ಸಿಗುವುದಿಲ್ಲ, ಅದು ಬರಿ ಬಣ್ಣದ ಕೊರತೆ. ಇಲ್ಲಿ ಬೆರಳ ತುದಿಗೆ ಗಟ್ಟಿ ಕಾಳು ತಾಗುತ್ತಿತ್ತು. ಕತ್ತಲು ಮಾಡಿ ನೇರಳಾತೀತ ಬೆಳಕಿನ ವುಡ್ಸ್ ದೀಪ ಹಿಡಿದರೆ ತೊನ್ನಿನ ಕಲೆ ಹಾಲಿನಂತೆ ಹೊಳೆಯುತ್ತದೆ, ಇವು ಹೊಳೆಯಲಿಲ್ಲ. ಕೂದಲ ರಂಧ್ರಗಳ ಸುತ್ತ ಎದ್ದವೂ ಅಲ್ಲ. ನರೂಲಿಯಾದರೆ ಮೇಲ್ಮೈ ತುಸು ಒರಟು, ಕೆರೆದುಕೊಂಡ ಗೆರೆಯುದ್ದಕ್ಕೂ ಸಾಲಾಗಿ ಹಬ್ಬುವ ಚಾಳಿ. ಅದೂ ಇರಲಿಲ್ಲ.

ನನ್ನನ್ನು ಕಾಡಿದ ಹೆದರಿಕೆ ಬೇರೆಯದು. ಸ್ಯೂಡೋಝಾಂತೋಮ ಇಲಾಸ್ಟಿಕಮ್ ಎಂಬ ಆನುವಂಶಿಕ ಕಾಯಿಲೆಯೂ ಕುತ್ತಿಗೆಯ ಪಕ್ಕದಲ್ಲೇ ತೋರಿಕೊಳ್ಳುತ್ತದೆ, ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ. ಅದರಲ್ಲಿ ಚರ್ಮವನ್ನು ರಬ್ಬರಿನಂತೆ ಹಿಗ್ಗಿಸಿ ಕುಗ್ಗಿಸುವ ಇಲಾಸ್ಟಿಕ್ ನಾರುಗಳ ಮೇಲೆ ಸುಣ್ಣ (ಕ್ಯಾಲ್ಸಿಯಂ) ಕೂರುತ್ತದೆ. ಕಣ್ಣಿನ ಪರದೆ, ರಕ್ತನಾಳಗಳೂ ಕೆಡುತ್ತವೆ. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ, ಕಂಕುಳು, ಮೊಣಕೈ ಮಡಿಕೆಗಳಲ್ಲೂ ಕಾಣುತ್ತದೆ. ಇವರಿಗೆ ಐವತ್ತು ದಾಟಿದ ಮೇಲೆ ಬಂದದ್ದು, ಕಂಕುಳು ಸ್ವಚ್ಛ. ಆದರೂ ಕಣ್ಣಿನ ವೈದ್ಯರ ಹತ್ತಿರ ಕಳಿಸಿ ಕಣ್ಣಿನ ಹಿಂಬದಿಯ ಪರದೆ ನೋಡಿಸಿದೆ. ಬಿರುಕಿನಂಥ ಗೆರೆಗಳೇನೂ ಇಲ್ಲವೆಂದು ಚೀಟಿ ಬಂತು.

ಇನ್ನು ಬಯಾಪ್ಸಿ. ಕುತ್ತಿಗೆಯ ಪಕ್ಕದಲ್ಲಿ, ಹೆಗಲು ಎತ್ತುವ ಸ್ನಾಯುವಿನ ನರ ಚರ್ಮಕ್ಕೆ ಬಹಳ ಹತ್ತಿರದಲ್ಲಿ ಹಾಯುತ್ತದೆ. ಅಲ್ಲಿ ಪಂಚ್ (ಚರ್ಮದ ದುಂಡು ತುಣುಕು ಕತ್ತರಿಸುವ ಸಣ್ಣ ಕೊಳವೆ) ಇಳಿಸುವ ಧೈರ್ಯ ನನಗಿಲ್ಲ. ಹಿಂಭಾಗದ ಒಂದು ಗುಳ್ಳೆ ಆರಿಸಿ, ಜಾಗ ಮರಗಟ್ಟಲು ಲಿಗ್ನೋಕೇನ್ ಕೊಟ್ಟು, 4 ಮಿಲಿಮೀಟರಿನ ತುಣುಕು ತೆಗೆದು ಒಂದು ಹೊಲಿಗೆ ಹಾಕಿದೆ. ವಾರದೊಳಗೆ ವರದಿ ಬಂತು: ವಿಶೇಷ ಬದಲಾವಣೆ ಏನೂ ಕಾಣುತ್ತಿಲ್ಲ.

ತುಣುಕು ಪರೀಕ್ಷಿಸಿದ ಪೆಥಾಲಜಿಸ್ಟರಿಗೆ ಫೋನ್ ಮಾಡಿದೆ. "ಫಾರ್ಮಿನ್ಯಾಗ ಏನ್ ಬರ್ದೀರಿ ನೋಡ್ಕೋರಿ ಮೇಡಂ" ಎಂದರು. ನಾನು ಬರೆದದ್ದು 'ಬಿಳಿ ಗುಳ್ಳೆ, ಕುತ್ತಿಗೆ' ಎಂದಷ್ಟೇ. ಇಲ್ಲೇ ಈ ಕಾಯಿಲೆಯ ಮರ್ಮ ಇರುವುದು. ಸ್ಲೈಡಿಗೆ ಮಾಮೂಲಿ ಗುಲಾಬಿ-ನೇರಳೆ ಬಣ್ಣ ಹಾಕಿದರೆ ಚರ್ಮ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ. ಇಲಾಸ್ಟಿಕ್ ನಾರುಗಳನ್ನು ಕಪ್ಪಾಗಿಸುವ ವೆರ್ಹಾಫ್ ಬಣ್ಣವನ್ನೂ ಸುಣ್ಣವನ್ನು ತೋರಿಸುವ ವಾನ್ ಕೊಸ್ಸಾ ಬಣ್ಣವನ್ನೂ ನಾವೇ ಕೇಳಬೇಕು. ಹೋಲಿಸಲು ಪಕ್ಕದ ಒಳ್ಳೆಯ ಚರ್ಮವೂ ಬೇಕು. ಹೊಲಿಗೆ ಬಿಚ್ಚುವ ದಿನ ಸಂಕೋಚದಿಂದಲೇ ಎರಡನೇ ತುಣುಕು ಕೇಳಿದೆ. "ತಗೋರಿ, ಒಂದ್ ಹೋದಲ್ಲಿ ಇನ್ನೊಂದ್" ಎಂದು ಕುತ್ತಿಗೆ ಬಾಗಿಸಿದರು.

ಆಮೇಲೆ ಸ್ಲೈಡು ನೋಡಲು ನಾನೇ ಹೋದೆ. ಒಳ್ಳೆಯ ಚರ್ಮದಲ್ಲಿ ಸಣ್ಣ ಕಪ್ಪು ನಾರುಗಳು ಹುಲ್ಲಿನ ಎಸಳಿನಂತೆ ಮೇಲ್ಪದರದ ಕಡೆ ಎದ್ದು ನಿಂತಿದ್ದವು. ಗುಳ್ಳೆಯ ಕೆಳಗೆ ಆ ಹುಲ್ಲು ಮೇಯ್ದು ಹೋದ ಹಾಗೆ ಖಾಲಿ, ಅದರಡಿ ಕೊಲ್ಯಾಜನ್ ಎಂಬ ಗಟ್ಟಿ ನಾರಿನ ದಪ್ಪನೆಯ ಕಟ್ಟುಗಳು. ಸುಣ್ಣ ಎಲ್ಲೂ ಇಲ್ಲ. ಹೆದರಿದ ಕಾಯಿಲೆ ಅಲ್ಲವೆಂದು ಖಾತ್ರಿಯಾಯಿತು.

ಇದಕ್ಕೆ ಫೈಬ್ರೋಇಲಾಸ್ಟೋಲೈಟಿಕ್ ಪ್ಯಾಪ್ಯುಲೋಸಿಸ್ ಎನ್ನುತ್ತಾರೆ. ಕುತ್ತಿಗೆಯ ಬಿಳಿ ನಾರುಗುಳ್ಳೆಗಳನ್ನು 1985ರಲ್ಲಿ ಜಪಾನಿನ ಶಿಮಿಝು ಮತ್ತು ಸಂಗಡಿಗರು ವರ್ಣಿಸಿದರು. 1992ರಲ್ಲಿ ಇಟಲಿಯ ರೊಂಜಿಯೋಲೆಟ್ಟಿ ಮತ್ತು ರೆಬೋರಾ, ಒಳಚರ್ಮದ ಮೇಲ್ಭಾಗದ ಇಲಾಸ್ಟಿಕ್ ನಾರು ಕರಗುವ ಇನ್ನೊಂದು ಬಗೆಯನ್ನು ಹೇಳಿದರು. ಅದು ಹೆಚ್ಚಾಗಿ ಮುಟ್ಟು ನಿಂತ ಹೆಂಗಸರಲ್ಲಿ. ಎರಡೂ ಒಂದೇ ಹಾದಿಯ ಎರಡು ತುದಿ ಎಂದು ಈಗ ಅನೇಕರು ಒಪ್ಪುತ್ತಾರೆ. ವಯಸ್ಸು, ಬಿಸಿಲು ಕಾರಣವೆನ್ನುವವರಿದ್ದಾರೆ. ಜೀವನಪೂರ್ತಿ ತಲೆ ಮೇಲೆ ಸೆರಗು ಹೊದ್ದ ಈ ಕುತ್ತಿಗೆಯನ್ನು ನೋಡಿದ ಮೇಲೆ ಬಿಸಿಲಿನ ಮೇಲೆ ಪೂರ್ತಿ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ.

ಆ ಉದ್ದ ಹೆಸರನ್ನು ಅವರಿಗೆ ಹೇಳುವುದು ಹೇಗೆ? 'ಏನೂ ಇಲ್ಲ, ಹೋಗಿ' ಎಂದರೆ ಇನ್ನೂ ನಾಲ್ಕು ದವಾಖಾನೆ ಸುತ್ತುತ್ತಾರೆ, ಯಾರೋ ನನ್ನ ಹಾಗೆ ಸುಡುತ್ತಾರೆ.

"ಕೌದಿ ಹೊಲೀತೀರಿಲ್ಲೋ?" ಎಂದೆ.

"ಹೊಲೀತೇನ್ರಿ."

"ಹಳೇ ಕೌದ್ಯಾಗ ದಾರ ಸಡ್ಲಾದ್ರ ಒಳಗಿನ ಅರಿವಿ ಗಂಟುಗಂಟಾಗಿ ಮ್ಯಾಲೇಳತೈತಿ ನೋಡ್ರಿ, ಇದೂ ಹಂಗ. ತೊನ್ನಲ್ಲ, ಕುಷ್ಠ ಅಲ್ಲ, ಕ್ಯಾನ್ಸರ್ ಆಗಂಗಿಲ್ಲ, ಒಬ್ರಿಂದ ಒಬ್ರಿಗೆ ಹತ್ತಂಗಿಲ್ಲ."

ಅವರು ಸ್ವಲ್ಪ ಯೋಚಿಸಿ, "ಕೌದಿಗಾದ್ರ ಮತ್ತ ಹೊಲಗಿ ಹಾಕ್ಬೌದು" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಕ್ರೀಮಿನಿಂದ ಗುಣ ಕಂಡವರು ಕಡಿಮೆ, ಉರಿ ಮಾತ್ರ ಖಾತ್ರಿ. ಚರ್ಮದ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಬೀಳುವ ಫ್ರಾಕ್ಷನಲ್ ಲೇಸರ್‌ನಿಂದ ಕೆಲವರಿಗೆ ಕಡಿಮೆಯಾಗಿದೆ. ಆದರೆ ನಮ್ಮ ಬಣ್ಣದ ಚರ್ಮದಲ್ಲಿ ಕಪ್ಪು ಕಲೆ ಉಳಿಯಬಹುದು, ಖರ್ಚೂ ಜಾಸ್ತಿ. ಇದ್ದದ್ದನ್ನು ಇದ್ದಂತೆ ಹೇಳಿದೆ. ಬೇಡ ಎಂದರು. ಹಳೇ ಟ್ಯೂಬು ಬಿಡಿಸಿದೆ. ಚೀಟಿಯ ಮೇಲೆ ಕಾಯಿಲೆಯ ಹೆಸರನ್ನು ಕನ್ನಡದಲ್ಲಿ ಬರೆದು, ಕೆಳಗೆ 'ಅಂಟುರೋಗವಲ್ಲ' ಎಂದು ದೊಡ್ಡಕ್ಷರದಲ್ಲಿ ಬರೆದು ಸಹಿ ಹಾಕಿದೆ.

ಎರಡನೇ ಹೊಲಿಗೆ ಬಿಚ್ಚಲು ಬಂದಾಗ ಸೊಸೆಯೂ ಜೊತೆಗಿದ್ದಳು. ಚೀಟಿ ಅವಳ ಪರ್ಸಿನಲ್ಲಿತ್ತು. ಅತ್ತೆಯ ಕೆಲಸ ಮುಗಿದ ಮೇಲೆ ತನ್ನ ತಾಳಿಸರ ಸರಿಸಿ, "ಅಕ್ಕಾರ, ನನಗೂ ಬಂದಾವೇನ್ ನೋಡ್ರಿ" ಎಂದಳು. ಎರಡೇ ಎರಡು ತೊಟ್ಟಿನ ಗಂಟು (ಸ್ಕಿನ್ ಟ್ಯಾಗ್), ಸರ ಉಜ್ಜುವ ಜಾಗದಲ್ಲಿ. ಕತ್ತರಿಯಲ್ಲಿ ಅಲ್ಲೇ ತೆಗೆದೆ. ಅತ್ತೆ ಬಾಗಿಲಲ್ಲಿ ನಿಂತು ಹೇಳಿದ್ದು: "ಈಗ ನಿನ್ನ ಟವೆಲ್ಲೂ ಬ್ಯಾರೆ ಇಡ್ಲೇನವ್ವಾ?"