ಹನ್ನೊಂದೂವರೆಯ ದೋಸೆ: ನಮ್ಮ ಹೋಟೆಲಿನ ಭಾನುವಾರದ ಬ್ರಂಚ್ ಕೊನೆಗೂ ಕೈ ಹಿಡಿದ ಕಥೆ

ಮೊನ್ನೆ ಭಾನುವಾರ 12.40ಕ್ಕೆ ನಮ್ಮ ಹೋಟೆಲಿನ ಹೊರಗೆ ಬೆಂಚಿನ ಮೇಲೆ ಹದಿನಾಲ್ಕು ಜನ ಟೋಕನ್ ಹಿಡಿದು ಕೂತಿದ್ದರು. ದೋಸೆಗೆ. ಊಟದ ಹೊತ್ತಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ 2023ರಲ್ಲಿ ನಾನು ಭಾನುವಾರ ಬ್ರಂಚ್, ಅಂದರೆ ತಿಂಡಿಗೂ ಊಟಕ್ಕೂ ನಡುವಿನ ಹೊತ್ತಿನಲ್ಲಿ ತಿನ್ನೋಕೆ ಕೊಡುವುದು, ಶುರು ಮಾಡುತ್ತೇನೆ ಅಂದಾಗ ನನಗೆ ತಲೆ ಕೆಟ್ಟಿದೆ ಅಂದವರಲ್ಲಿ ಮೂರ್ನಾಲ್ಕು ಜನ ಇದನ್ನು ಓದೇ ಓದುತ್ತಾರೆ.

ನಮ್ಮದು ಮೈಸೂರಿನ ಕುವೆಂಪುನಗರದಲ್ಲಿ 44 ಕುರ್ಚಿಯ ಸಣ್ಣ ಹೋಟೆಲು, ಪೂರ್ತಿ ಸಸ್ಯಾಹಾರಿ. ಬೆಳಿಗ್ಗೆ ಏಳರಿಂದ ಒಂಬತ್ತೂವರೆ ತನಕ ತಿಂಡಿ, ಹನ್ನೆರಡೂವರೆಗೆ ಊಟ. ಮಧ್ಯದ ಮೂರು ಗಂಟೆ ಸಪ್ಲೈಯರ್‌ಗಳು ಈರುಳ್ಳಿ ಹೆಚ್ಚುತ್ತಾ ಮೊಬೈಲು ನೋಡುತ್ತಾ ಕೂರುತ್ತಿದ್ದರು. ಆ ವರ್ಷ ಮಾರ್ಚಿನಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ಶುರುವಾಯಿತಲ್ಲ, ಆಮೇಲೆ ಭಾನುವಾರ ಹತ್ತೂವರೆ ಹನ್ನೊಂದಕ್ಕೆ ಕೆಎ 03, ಕೆಎ 05 ಕಾರುಗಳು ಬಂದು ನಿಲ್ಲತೊಡಗಿದವು. 'ತಿಂಡಿ ಏನಿದೆ?' 'ಆಗೋಯ್ತು ಸಾರ್, ಊಟ ಹನ್ನೆರಡೂವರೆಗೆ.' ಹೀಗೆ ವಾಪಸ್ ಕಳಿಸಿದವರನ್ನು ಒಂದು ಭಾನುವಾರ ಎಣಿಸಿದೆ, ಮೂವತ್ತೊಂದು ಜನ. ಇದರ ಜೊತೆಗೆ ನಮ್ಮ ಬೀದಿಯ ಮಕ್ಕಳೇ ವಾರವೆಲ್ಲ ಬೆಂಗಳೂರಿನಲ್ಲಿ ದುಡಿದು ಶನಿವಾರ ರಾತ್ರಿ ಬಂದು ಹತ್ತು ಗಂಟೆವರೆಗೆ ಮಲಗುತ್ತಾರೆ. ಎದ್ದ ಮೇಲೆ ಅಪ್ಪ ಅಮ್ಮನ ಜೊತೆ ಎಲ್ಲಾದರೂ ಹೋಗಿ ಕೂರಬೇಕು ಅನ್ನುತ್ತಾರೆ. ಕೂರಬೇಕು ಅನ್ನುವುದೇ ಮುಖ್ಯ. ದರ್ಶಿನಿಯಲ್ಲಿ ನಿಂತು ತಿನ್ನುವುದಲ್ಲ.

ಭಾವ ಹೇಳಿದ್ದು, 'ಹನ್ನೊಂದಕ್ಕೆ ದೋಸೆ ತಿಂದವನು ಒಂದಕ್ಕೆ ಊಟಕ್ಕೆ ಬರ್ತಾನೇನೋ? ಇರೋ ವ್ಯಾಪಾರಕ್ಕೂ ಕಲ್ಲು ಹಾಕ್ಕೋತೀಯ.' ಅವರದೂ ಹೋಟೆಲಿನ ಅನುಭವವೇ, ಇಪ್ಪತ್ತೆರಡು ವರ್ಷದ್ದು. ನಮ್ಮ ಅಡುಗೆ ಭಟ್ಟರು ಕುಂದಾಪುರದ ಕಡೆಯವರು, ಅವರು ಒಂದೇ ಮಾತಿನಲ್ಲಿ ಮುಗಿಸಿದರು. 'ಹಿಟ್ಟು ನಮ್ಮ ಮಾತು ಕೇಳುದಿಲ್ಲ ಮಾರಾಯ್ರೆ.' ಭಾವನ ಮಾತು ಸುಳ್ಳಾಯಿತು. ಭಟ್ಟರ ಮಾತು ನಿಜವಾಯಿತು, ಅದೂ ಏಳೆಂಟು ತಿಂಗಳು.

ಮೊದಲು ಮಾಡಿದ ತಪ್ಪು ಬಫೆ. ದೊಡ್ಡ ಹೋಟೆಲುಗಳಲ್ಲಿ ನೋಡಿ ಬಂದಿದ್ದೆ. ಕೆಳಗೆ ಬತ್ತಿ ಉರಿಯುವ ಮುಚ್ಚಳದ ಪಾತ್ರೆ ಆರು ತಂದೆ, ಒಂದೊಂದಕ್ಕೆ ಸುಮಾರು 4,500. ನಾವು ಗಿರಾಕಿಗೆ ಹಾಕುವುದು 5 ಪರ್ಸೆಂಟ್ ಜಿಎಸ್‌ಟಿ, ಇನ್‌ಪುಟ್ ಸಿಗುವುದಿಲ್ಲ, ಅಂದರೆ ಸಾಮಾನು ಕೊಳ್ಳುವಾಗ ನಾವು ಕೊಟ್ಟ ತೆರಿಗೆಯನ್ನು ಅದರಲ್ಲಿ ಕಳೆಯೋಕೆ ಬರಲ್ಲ. ಹಾಗಾಗಿ ಪಾತ್ರೆಯ ಮೇಲೆ ಕೊಟ್ಟ ತೆರಿಗೆಯೂ ಅಲ್ಲೇ ಹೋಯಿತು. ತಲೆಗೆ 299 ರೂಪಾಯಿ ಇಟ್ಟೆ. ಇಡ್ಲಿ ಅರ್ಧ ಗಂಟೆಗೆ ಮೇಲೆ ಒಣಗಿ ಕೆಳಗೆ ನೀರು ಬಿಟ್ಟುಕೊಂಡಿತು. ವಡೆ ಮುಚ್ಚಿಟ್ಟರೆ ಮೆತ್ತಗೆ, ತೆರೆದಿಟ್ಟರೆ ತಣ್ಣಗೆ. ಪೂರಿಯ ಕಥೆ ಕೇಳಲೇಬೇಡಿ. ದೋಸೆಯನ್ನಂತೂ ಬಫೆಯಲ್ಲಿ ಇಡೋಕೇ ಆಗಲ್ಲ, ಅದನ್ನು ಕಾವಲಿಯಿಂದಲೇ ಕೊಡಬೇಕು, ಅಂದಮೇಲೆ ಎಲ್ಲರೂ ಕಾವಲಿ ಮುಂದೆ ತಟ್ಟೆ ಹಿಡಿದು ನಿಂತರು. ಜನ ಆರು ತಗೊಂಡು ಮೂರು ತಿಂದು ಮೂರು ಬಿಟ್ಟರು. ತಪ್ಪು ಅವರದಲ್ಲ. ಕೊಟ್ಟ ದುಡ್ಡಿಗೆ ತಟ್ಟೆ ತುಂಬಿಸಿಕೊಳ್ಳುವುದು ಸಹಜ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಐದು ಭಾನುವಾರಕ್ಕೆ ಹತ್ತಿರ ಹತ್ತಿರ 25,000 ಕೈ ಬಿಟ್ಟಿತು. ಪಾತ್ರೆಗಳನ್ನು ಮದುವೆ ಕಾಂಟ್ರ್ಯಾಕ್ಟಿನವರೊಬ್ಬರಿಗೆ ಅರ್ಧ ಬೆಲೆಗೆ ಕೊಟ್ಟೆ.

ಎರಡನೇ ತಪ್ಪು ಇನ್ನೂ ದೊಡ್ಡದು, ಬೇಗ ಹೇಳಿ ಮುಗಿಸುತ್ತೇನೆ, ನಾಚಿಕೆ ಆಗುತ್ತೆ. ಮೆನುವಿನಲ್ಲಿ 34 ಐಟಂ. ಪಾಸ್ತಾ, ವಾಫಲ್, ಚೀಸ್ ಟೋಸ್ಟ್. ಒಂದು ಮಸಾಲೆ ದೋಸೆಗೆ ನಲವತ್ತು ನಿಮಿಷ ಕಾಯಿಸಿದೆವು. ಒಬ್ಬ ಅಜ್ಜಿ ಎದ್ದು ಹೋಗುವಾಗ, 'ಮನೇಲಿ ಅಕ್ಕಿ ನೆನೆಹಾಕಿ ಬಂದಿದ್ರೂ ಇಷ್ಟೊತ್ತಿಗೆ ಆಗ್ತಿತ್ತು ಕಣಪ್ಪ' ಅಂದರು. ಆ ವಾಫಲ್ ಮೆಷಿನ್ ಈಗಲೂ ಅಟ್ಟದ ಮೇಲಿದೆ, ಬೇಕಾದವರು ಹೇಳಿ.

ದಾರಿ ಸಿಕ್ಕಿದ್ದು ಒಂದು ನಾಮಕರಣದ ಊಟದಲ್ಲಿ. ಪಂಕ್ತಿಯಲ್ಲಿ ಕೂತಿದ್ದೆ. ಬಡಿಸುವವನು ಬಿಸಿ ಹೋಳಿಗೆ ಹಿಡಿದು ಬಂದು ಬಗ್ಗಿ ಕೇಳಿದ. ಹೊಟ್ಟೆಯಲ್ಲಿ ಜಾಗವಿರಲಿಲ್ಲ, ಆದರೂ ತುಪ್ಪದ ವಾಸನೆಗೆ ಹೂಂ ಅಂದೆ. ಪಕ್ಕದವರೂ ಹೂಂ ಅಂದರು. ಬಫೆ ಯಾಕೆ ಬೇಕು, ಪಂಕ್ತಿಯನ್ನೇ ಟೇಬಲಿಗೆ ತಂದರಾಯಿತಲ್ಲ! ಜನ ಕೂತಿರಲಿ, ಬಿಸಿ ತಟ್ಟೆ ಅವರ ಹತ್ತಿರ ಬರಲಿ, ಎಲ್ಲವೂ ಅರ್ಧ ಅಳತೆಯಲ್ಲಿ ಇರಲಿ. ಬೇಕಾದರೆ ತಗೋತಾರೆ, ತಗೊಂಡದ್ದಕ್ಕೆ ಮಾತ್ರ ದುಡ್ಡು.

ಈಗ ಇರುವುದು ಒಂಬತ್ತೇ ಐಟಂ. ಕೂತ ತಕ್ಷಣ ಕಾಫಿ ಮತ್ತು ಬನ್ಸ್. ಆಮೇಲೆ ಅಂಗೈಗಿಂತ ಸ್ವಲ್ಪ ದೊಡ್ಡ ಬೆಣ್ಣೆ ದೋಸೆ, ಸಾಗು, ಒಂದೊಂದಾಗಿ. ಒಟ್ಟಿಗೆ ಎರಡು ಕೇಳಿದರೂ ನಾವು ಎರಡು ಕೊಡುವುದಿಲ್ಲ, ಮೊದಲನೆಯದು ಮುಗಿಯುವ ಹೊತ್ತಿಗೆ ಎರಡನೆಯದು ಬರುತ್ತೆ. ಮೈಸೂರಿನವರಿಗೆ ಇದೇನು ಹೊಸದಲ್ಲ, ಇಲ್ಲಿನ ಮೈಲಾರಿ ಹೋಟೆಲಿನ ದೋಸೆ ತಿಂದು ಬೆಳೆದವರಿಗೆ ಮೆತ್ತನೆ ದೋಸೆ, ಬೆಣ್ಣೆ, ಸಾಗು ವಿವರಿಸಬೇಕಾಗಿಲ್ಲ. ನಡುವೆ ಪಡ್ಡು, ಖಾರಾಬಾತ್, ಸಣ್ಣ ಬಟ್ಟಲಲ್ಲಿ ಬಿಸಿಬೇಳೆಬಾತ್. ಕೊನೆಗೆ ಮತ್ತೆ ಕಾಫಿ. ಬಿಲ್ ಕೇಳುವ ತನಕ ಯಾರೂ ಬಿಲ್ ಇಡಕೂಡದು ಅಂತ ಸಪ್ಲೈಯರ್‌ಗಳಿಗೆ ಹೇಳಿದ್ದೇನೆ. ಇದನ್ನು ಕಲಿಸೋಕೆ ಎರಡು ತಿಂಗಳು ಬೇಕಾಯಿತು. ತಟ್ಟೆ ಖಾಲಿಯಾದರೆ ಟೇಬಲ್ ಒರೆಸಿ ಎಬ್ಬಿಸುವುದೇ ಅವರ ಅಭ್ಯಾಸ.

ಇನ್ನು ಹಿಟ್ಟು. ಶನಿವಾರ ಸಂಜೆ ಒಂದೇ ಸಲ ರುಬ್ಬಿದ ಹಿಟ್ಟು ಬೆಳಿಗ್ಗೆ ಎಂಟಕ್ಕೆ ಚಿನ್ನ, ಏಪ್ರಿಲ್ ತಿಂಗಳಲ್ಲಿ ಹನ್ನೊಂದಕ್ಕೆ ಹುಳಿ ಮಜ್ಜಿಗೆ. ಡಿಸೆಂಬರ್‌ನಲ್ಲಿ ಉಲ್ಟಾ, ಎಂಟಕ್ಕೆ ಇನ್ನೂ ಎದ್ದೇ ಇರುವುದಿಲ್ಲ. ಹುಳಿಯಾದದ್ದಕ್ಕೆ ಹಸಿ ಅಕ್ಕಿಹಿಟ್ಟು ಬೆರೆಸಿ ನೋಡಿದೆ, ದೋಸೆ ಹಪ್ಪಳವಾಯಿತು. ಸೋಡಾ ಹಾಕುವುದು ನನಗೆ ಇಷ್ಟವಿಲ್ಲ, ಹಾಕಿದರೂ ಎರಡನೇ ದೋಸೆಗೆ ಬಾಯಿ ಹಿಡಿಯುತ್ತೆ, ನಮ್ಮ ಲೆಕ್ಕ ನಿಂತಿರುವುದೇ ಎರಡನೇ ಮೂರನೇ ದೋಸೆಯ ಮೇಲೆ.

ಈಗ ಮೂರು ಪಾತ್ರೆ. ಒಂದನೆಯದು ಶನಿವಾರ ಸಂಜೆ ಐದಕ್ಕೆ ರುಬ್ಬಿದ್ದು, ಅದು ಬೆಳಗಿನ ಮಾಮೂಲಿ ತಿಂಡಿಗೆ. ಎರಡನೆಯದು ರಾತ್ರಿ ಒಂಬತ್ತೂವರೆಯದು, ಹತ್ತರಿಂದ ಹನ್ನೊಂದೂವರೆ ತನಕ ಅದು. ಮೂರನೆಯದನ್ನು ಸಂಜೆ ಆರಕ್ಕೆ ರುಬ್ಬಿ, ಅರೆಬರೆ ಉಬ್ಬಿದಾಗ ಫ್ರಿಜ್ಜಿಗೆ ಹಾಕಿ, ಬೆಳಿಗ್ಗೆ ಎಂಟೂವರೆಗೆ ಹೊರಗೆ ತೆಗೆದಿಡುತ್ತೇವೆ. ಹನ್ನೊಂದೂವರೆಗೆ ಅದು ಸರಿಯಾಗಿ ಹದಕ್ಕೆ ಬಂದಿರುತ್ತೆ. ಅರೆಬರೆ ಅಂದರೆ ಎಷ್ಟು ಅಂತ ಕೇಳಬೇಡಿ. ಅದನ್ನು ಕಂಡುಕೊಳ್ಳೋಕೆ ಹತ್ತಿರ ಹತ್ತಿರ 60 ಕೆಜಿ ಹಿಟ್ಟು ಚರಂಡಿ ಪಾಲಾಗಿದೆ, ಸುಮ್ನೆ ಕೊಡೋಕೆ ಮನಸ್ಸಿಲ್ಲ. ಆ ಮೂರನೇ ಪಾತ್ರೆಗೆ ಅವಲಕ್ಕಿ ಮತ್ತು ಮೆಂತ್ಯದ ಅಳತೆಯೂ ಬೇರೆ, ಅದೂ ನಮ್ಮಲ್ಲೇ ಇರಲಿ. ಆದರೆ ಒಂದು ಉಪಾಯ ಪುಕ್ಕಟೆ ಹೇಳುತ್ತೇನೆ. ಪ್ರತಿ ಪಾತ್ರೆಯಿಂದ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಹಿಟ್ಟು ಹಾಕಿ, ಅದರ ಮಟ್ಟಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಪಕ್ಕದಲ್ಲೇ ಇಡಿ. ಮುಚ್ಚಳ ತೆಗೆದು ಕೈಯಾಡಿಸಿ ನೋಡುವ ತಾಪತ್ರಯವೇ ಇಲ್ಲ. ಮತ್ತೆ, ಬೇಸಿಗೆಯಲ್ಲಿ ಗ್ರೈಂಡರ್‌ಗೆ ಐಸ್ ನೀರು ಹಾಕಿ. ರುಬ್ಬುವಾಗಲೇ ಹಿಟ್ಟು ಬಿಸಿಯಾದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ಬನ್ಸ್ ಬಂದದ್ದು ಆಕಸ್ಮಿಕ. ಪಕ್ಕದ ಹಣ್ಣಿನ ಅಂಗಡಿಯವನ ಹತ್ತಿರ ಶನಿವಾರ ರಾತ್ರಿ ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು ಮಿಕ್ಕುತ್ತಿತ್ತು, ಅರ್ಧ ರೇಟಿಗೆ ಕೊಟ್ಟ. ಭಟ್ಟರು ಮನಸ್ಸಿಲ್ಲದ ಮನಸ್ಸಿನಿಂದ ಅವರ ಊರಿನ ಕಡೆಯ ಬನ್ಸ್‌ಗೆ ಮೈದಾ, ಮೊಸರು, ಸಕ್ಕರೆ, ಜೀರಿಗೆ ಹಾಕಿ ಕಲಸಿಟ್ಟರು. ಬೆಳಿಗ್ಗೆ ಕರಿದದ್ದು ನಲವತ್ತು, ಇಪ್ಪತ್ತು ನಿಮಿಷಕ್ಕೆ ಖಾಲಿ. ಈಗ ಭಾನುವಾರಕ್ಕೆ 150ರಿಂದ 170 ಹೋಗುತ್ತೆ, ಒಂದಕ್ಕೆ 25 ರೂಪಾಯಿ, ನಮಗೆ ಬೀಳುವುದು ಎಂಟೊಂಬತ್ತು. ಭಟ್ಟರು ಈಗ ಅದು ತಮ್ಮದೇ ಐಡಿಯಾ ಅನ್ನುತ್ತಾರೆ. ಇರಲಿ.

ಬೇರೆ ಪ್ರಯೋಗಗಳೂ ಆದವು. ಅಕ್ಕಿ ರೊಟ್ಟಿ ಮೇಲೆ ಬೆಣ್ಣೆಹಣ್ಣು ಕಿವುಚಿ ಹಸಿಮೆಣಸು ನಿಂಬೆಹಣ್ಣು ಹಾಕಿ ಕೊಟ್ಟೆ. ಬೆಂಗಳೂರಿನ ಮಕ್ಕಳು ಫೋಟೋ ತೆಗೆದರು, ತಿಂದದ್ದು ಅರ್ಧ. ಮೂರು ವಾರಕ್ಕೆ ನಿಲ್ಲಿಸಿದೆ. ಡಿಕಾಕ್ಷನ್ನನ್ನೇ ಐಸ್ ಕಟ್ಟಿ ತಣ್ಣನೆ ಹಾಲಿಗೆ ಹಾಕಿ ಕೊಟ್ಟದ್ದು ಬೇಸಿಗೆಯಲ್ಲಿ ಓಡಿತು, ಮಳೆ ಬಿದ್ದ ದಿನವೇ ಸತ್ತಿತು. ಡಿಸೆಂಬರ್ ಜನವರಿಯಲ್ಲಿ ಅಕ್ಕಿ ರೊಟ್ಟಿಗೆ ಹಿತಕಿದ ಬೇಳೆ ಸಾರು ಕೊಟ್ಟದ್ದು ಮಾತ್ರ ಬೇರೆಯೇ ಲೆವೆಲ್ಲು. ಅವರೆಕಾಯಿ ತಂದು ಸುಲಿದು, ನೆನೆಸಿ, ಹಿತುಕಿಸುವ ಕೂಲಿ ಸೇರಿಸಿದರೆ ನಮಗೆ ಉಳಿಯುವುದು ಅಷ್ಟಕ್ಕಷ್ಟೇ. ಆದರೂ ಅದಕ್ಕೆ ಅಂತ ಬರುವವರು ಇನ್ನೂ ನಾಲ್ಕು ತಿಂದು ಹೋಗುತ್ತಾರೆ. ಆಮ್ಲೆಟ್ ಇಡಿ ಅಂತ ವಾರಕ್ಕೆ ಹತ್ತು ಜನ ಕೇಳುತ್ತಾರೆ. ಗಲ್ಲಾದ ಹಿಂದೆ ಅಪ್ಪನ ಫೋಟೋ ಇದೆ, ಆಗಲ್ಲ.

ಕಾಫಿಯ ವಿಷಯದಲ್ಲಿ ಒಂದೇ ಮಾತು. ಬೆಳಿಗ್ಗೆ ಆರಕ್ಕೆ ಇಳಿಸಿದ ಡಿಕಾಕ್ಷನ್ ಹನ್ನೊಂದಕ್ಕೆ ಕೊಡಬೇಡಿ. ನಾವು ಒಂಬತ್ತೂವರೆಗೆ ಒಮ್ಮೆ, ಹನ್ನೊಂದು ಕಾಲಿಗೆ ಒಮ್ಮೆ ಹೊಸದಾಗಿ ಇಳಿಸುತ್ತೇವೆ. ಕಾಫಿಪುಡಿ ಏರಿದ ಪರಿ ನಿಮಗೇ ಗೊತ್ತು, ಮೇಲೆ 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ 4 ರೂಪಾಯಿ ಏರಿತು. ಆದರೂ ಇಲ್ಲಿ ಕೈ ಬಿಗಿ ಹಿಡಿಯಲಿಲ್ಲ. ಈ ಜನ ಎರಡು ಕಾಫಿ ಕುಡಿಯುತ್ತಾರೆ. ಒಂದು ಕೆಟ್ಟರೆ ಎರಡೂ ಹೋಯಿತು.

ಕಾಯುವವರದು ಇನ್ನೊಂದು ತಲೆನೋವಾಗಿತ್ತು. ನಮ್ಮಲ್ಲಿ ತಿನ್ನುವವರ ಕುರ್ಚಿ ಹಿಡಿದುಕೊಂಡು ಹಿಂದೆಯೇ ನಿಲ್ಲುವ ಪದ್ಧತಿ ಇದೆಯಲ್ಲ, ಬೆನ್ನ ಹಿಂದೆ ಒಬ್ಬ ನಿಂತು ತಟ್ಟೆ ನೋಡುತ್ತಿದ್ದರೆ ಯಾರು ಎರಡನೇ ಕಾಫಿ ಹೇಳುತ್ತಾರೆ? ಹೊರಗೆ ಹೊಂಗೆ ಮರದ ಕೆಳಗೆ ಎರಡು ಬೆಂಚು ಹಾಕಿಸಿದೆ, ಟೋಕನ್ ಕೊಟ್ಟೆ, ಕಾಯುವವರಿಗೆಲ್ಲ ಅರ್ಧ ಲೋಟ ಕಾಫಿ ಪುಕ್ಕಟೆ. ಲೋಟಕ್ಕೆ ಆರೇಳು ರೂಪಾಯಿ ನನ್ನ ಕೈಯಿಂದ. ಮೊದಲು ಹತ್ತರಲ್ಲಿ ನಾಲ್ಕು ಜನ ಎದ್ದು ಹೋಗುತ್ತಿದ್ದರು, ಈಗ ಒಬ್ಬರೋ ಇಬ್ಬರೋ.

ಲೆಕ್ಕ ಬರೆಯುವುದರಲ್ಲೂ ಏಟು ತಿಂದೆ. ತಟ್ಟೆ ಹಿಡಿದು ಸುತ್ತುವಾಗ ಯಾರು ಏನು ತಗೊಂಡರು ಅಂತ ಸಪ್ಲೈಯರ್‌ಗೆ ನೆನಪಿರುವುದಿಲ್ಲ. ಭಾನುವಾರಕ್ಕೆ ಆರೇಳು ನೂರು ಸೋರುತ್ತಿತ್ತು. ಬಟ್ಟಲು ಎತ್ತದೆ ಬಿಟ್ಟು ಕೊನೆಗೆ ಎಣಿಸಿ ನೋಡಿದೆ, ಎಂಜಲು ಬಟ್ಟಲ ಮುಂದೆ ಯಾರಿಗೆ ಕೂರೋಕೆ ಇಷ್ಟ? ಕೊನೆಗೆ ಬೇಸತ್ತು ಟೇಬಲ್ ಮೇಲೆ ಒಂದು ಚೀಟಿ, ಒಂದು ಪೆನ್ಸಿಲ್ ಇಟ್ಟೆ. ಗಿರಾಕಿಗಳೇ ಗೀಟು ಹಾಕಿಕೊಳ್ಳುತ್ತಾರೆ. ಭಾವ ನಕ್ಕಿದ್ದೂ ನಕ್ಕಿದ್ದೇ. ಈಗ ಸೋರುವುದು ನೂರು ನೂರೈವತ್ತು ಇರಬಹುದು. ಮಕ್ಕಳಿಗಂತೂ ಗೀಟು ಹಾಕುವುದೇ ಒಂದು ಆಟ, ಕೆಲವು ಸಲ ಜಾಸ್ತಿಯೇ ಹಾಕಿಬಿಡುತ್ತವೆ, ನಾವೇ ಅಳಿಸುತ್ತೇವೆ.

ದುಡ್ಡಿನ ಲೆಕ್ಕ, ನೆನಪಿನಿಂದ. ಹತ್ತರಿಂದ ಒಂದೂವರೆ ತನಕ ಸುಮಾರು 120 ಜನ, ತಲೆಗೆ 240ರ ಆಸುಪಾಸು. ಅಂದರೆ 28ರಿಂದ 30 ಸಾವಿರ. ಮೊದಲು ಅದೇ ಹೊತ್ತಿನಲ್ಲಿ ಒಂದಷ್ಟು ಊಟ ಸೇರಿಸಿ ಎಂಟು ಸಾವಿರ ಆದರೆ ಹೆಚ್ಚು. ಸಾಮಾನಿಗೆ ಮೂರರಲ್ಲೊಂದು ಪಾಲು ಹೋಗುತ್ತೆ, ಭಾನುವಾರದ ಐದು ಜನರ ಹೆಚ್ಚಿನ ಕೂಲಿ, ಗ್ಯಾಸು ಅರ್ಧ ಸಿಲಿಂಡರ್ ಜಾಸ್ತಿ, ಬೆಣ್ಣೆಯಂತೂ ಕೇಳಬೇಡಿ. ಎಲ್ಲ ಕಳೆದು ಒಂಬತ್ತು ಹತ್ತು ಸಾವಿರ ಉಳಿಯುತ್ತೆ. ಭಾನುವಾರ ಪ್ಲೇಟ್ ಮೀಲ್ಸ್ ನಿಲ್ಲಿಸಿದ್ದೇನೆ, ಯಾರೂ ಕೇಳಲಿಲ್ಲ. ಡೆಲಿವರಿ ಆ್ಯಪ್ ಕೂಡ ಆ ಮೂರೂವರೆ ಗಂಟೆ ಬಂದ್. ಅರ್ಧ ಗಂಟೆ ಡಬ್ಬಿಯಲ್ಲಿ ಕೂತ ದೋಸೆಗೆ ಬೈಗುಳ ತಿನ್ನುವುದು ನಾನು, ಕಮಿಷನ್ ತಿನ್ನುವುದು ಅವರು.

ಈಗಿನ ತೊಂದರೆ ಕಾವಲಿಯದು. ಹನ್ನೆರಡರಿಂದ ಒಂದರ ಮಧ್ಯೆ ಒಂದು ಕಾವಲಿ ಸಾಲುತ್ತಿಲ್ಲ. ಇನ್ನೊಂದು ಹಾಕಿದರೆ ಇನ್ನೊಬ್ಬ ದೋಸೆ ಭಟ್ಟರು ಬೇಕು, ತಿಂಗಳಿಗೆ 25,000ಕ್ಕೆ ಕಮ್ಮಿ ಯಾರೂ ಬರಲ್ಲ. ನಮ್ಮ ಭಟ್ಟರಿಗೆ ಹೇಳಿದರೆ, 'ಬೇರೆಯವನ ಕೈಗೆ ಮೂರನೇ ಪಾತ್ರೆ ಕೊಡುದಿಲ್ಲ' ಅಂತ ಮುಖ ತಿರುಗಿಸಿದರು. ಭಾವನನ್ನು ಕೇಳೋಣ ಅಂತ ಹೊರಗೆ ಹೋದೆ. ಅವರು ಬೆಂಚಿನ ಮೇಲಿದ್ದರು, ಟೋಕನ್ ನಂಬರ್ 87, ಕೈಯಲ್ಲಿ ಪುಕ್ಕಟೆ ಕಾಫಿ.